ಮುತ್ತಕ್ಕನ ಪಾಳಿ

ನಮ್ಮೂರಿನ ನಾಳೆಯ ಹವೆಯನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ ನನ್ನದು. ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ತಪ್ಪಿದ್ದು ಏಳೇ ಸಲ. ಅದರಲ್ಲೂ ಮೂರು ತಪ್ಪು ನನ್ನವಲ್ಲ, ಮನೆಯಲ್ಲಿ ಜಗಳವೇ ಆಗಿಲ್ಲವೆಂದು ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದ ಗಂಡಂದಿರವು. ಬೋರ್ಡು ಇರುವುದು ಮೀನು ಇಳಿಸುವ ಧಕ್ಕೆಯ ಪಕ್ಕ, ಹೊಳೆ ದಾಟಲಿಕ್ಕೆ ಹಾಕಿದ ಮರದ ಸಂಕದ ಈಚೆ ತುದಿಯಲ್ಲಿ. ಪೇಟೆಯ ರೇಡಿಯೋದವರೂ ದಿನಾ ಹವೆ ಹೇಳುತ್ತಾರಂತೆ. ಹೇಳಲಿ, ಪಾಪ, ಅವರಿಗೂ ಹೊತ್ತು ಹೋಗಬೇಕಲ್ಲ.

ಏಪ್ರಿಲ್ ಮಧ್ಯದಲ್ಲಿ ಹೊಸ ವರ್ಷದ ಬಿಸು ಹಬ್ಬದ ದಿನ ನಲವತ್ತಾರು ಮನೆಗಳ ಚೀಟಿಯನ್ನು ಒಂದು ಬುಟ್ಟಿಗೆ ಹಾಕಿ ಎತ್ತುತ್ತೇವೆ. ಮರುದಿನದಿಂದ ಪಾಳಿ ಶುರು, ದಿನಕ್ಕೊಂದು ಮನೆ, ಮನೆಗೊಬ್ಬರು. ಪಾಳಿಯವರ ಮನಸ್ಸು ಹೇಗೋ ಆವತ್ತಿನ ಹವೆ ಹಾಗೆ. ಆದ್ದರಿಂದ ನನ್ನ ಕೆಲಸಕ್ಕೆ ಆಕಾಶ ನೋಡಬೇಕೆಂದಿಲ್ಲ, ಅಡುಗೆಮನೆ ನೋಡಿದರೆ ಸಾಕು. ಹಿಂದಿನ ದಿನ ಸಂಜೆ ನಾಲ್ಕಕ್ಕೆ ಪಾಳಿಯವರ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿಯುತ್ತೇನೆ. ಸೊಸೆ ಪಾತ್ರೆ ಇಡುವ ಸದ್ದು ಕೇಳುತ್ತೇನೆ, ಅತ್ತೆ ಯಾವ ಕಡೆ ಮುಖ ಮಾಡಿ ಕೂತಿದ್ದಾರೆಂದು ನೋಡುತ್ತೇನೆ, ಚಹಾಕ್ಕೆ ಎಷ್ಟು ಸಕ್ಕರೆ ಬಿದ್ದಿದೆ ಎಂದು ಗಮನಿಸುತ್ತೇನೆ. ಐದಕ್ಕೆ ಬೋರ್ಡು ಬರೆದಾಗಿರುತ್ತದೆ.

ಈ ವರ್ಷ ಏಪ್ರಿಲ್ ಕೊನೆಗೆ ಊರ ಕಮಿಟಿಯ ಅಧ್ಯಕ್ಷರಾದ ದೂಮಪ್ಪಣ್ಣನ ಪಾಳಿ ಬಂತು. ನಾನು ಹೋದಾಗ ಅವರು ಅಂಗಳದಲ್ಲಿ ಹೊಟ್ಟೆ ಹಿಡಿದುಕೊಂಡು ಶತಪಥ ಹಾಕುತ್ತಿದ್ದರು. ‘ನಾಳೆ ದೂಮಪ್ಪ. ಬೆಳಿಗ್ಗೆಯಿಂದ ಬಿಗಿದ ಸೆಕೆ, ಎಲೆ ಅಲುಗುವುದಿಲ್ಲ. ಇಸಬ್ಗೋಲು ಕೆಲಸ ಮಾಡಿದರೆ ಸಂಜೆ ತಂಪು’ ಎಂದು ಬರೆದೆ. ಅಧ್ಯಕ್ಷರ ಹೊಟ್ಟೆಯ ಸಂಗತಿಯನ್ನು ಊರಿಗೆಲ್ಲ ಸಾರಿದೆನೆಂದು ಅವರು ನನ್ನ ಹತ್ತಿರ ಮೂರು ದಿನ ಮಾತು ಬಿಟ್ಟರು. ಆದರೆ ಮರುದಿನ ಐದೂಮುಕ್ಕಾಲಿಗೆ ಸಮುದ್ರದ ಕಡೆಯಿಂದ ಗಾಳಿ ಬೀಸಿದಾಗ ಇಡೀ ಊರು ಅವರಿಗಾಗಿ ಮನಸಾರೆ ಸಂತೋಷಪಟ್ಟಿತು.

ಕೊನೆಯ ಪಾಳಿಯದು ಮಾತ್ರ ಬೇರೆ ಕತೆ. ನಡುವಿನವರು ಅತ್ತರೆ ಒಂದು ಮಳೆ ಬಂದು ಹೋಗುತ್ತದೆ, ಅಷ್ಟೆ. ಕೊನೆಯವರು ಅತ್ತರೆ ಮಳೆಗಾಲ ಹಿಡಿಯುತ್ತದೆ. ಅವರು ಅಳುವವರೆಗೆ ಪಾಳಿ ಅವರದೇ, ಅದು ಒಂದು ದಿನವಿರಲಿ ಹತ್ತು ದಿನವಿರಲಿ. ಹೋದ ವರ್ಷ ಕೊನೆಯ ಚೀಟಿ ನಮ್ಮ ಪೋಸ್ಟ್ ಮಾಸ್ಟರರದಾಗಿತ್ತು. ಅವರ ಹೆಂಡತಿ ಬೆಳಿಗ್ಗೆ ಎದ್ದು ಅವರ ಇಪ್ಪತ್ತೆರಡು ವರ್ಷದ ಸೈಕಲ್ಲನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು. ಹತ್ತು ಗಂಟೆಗೆಲ್ಲ ಮಳೆಗಾಲ ಹಿಡಿಯಿತು. ಮಳೆ ಹಿಡಿದ ಮರುದಿನ ದೂಮಪ್ಪಣ್ಣ ನಾಲ್ಕು ಆಳು ಕರೆದುಕೊಂಡು ಬಂದು ಸಂಕದ ಹಲಗೆಗಳನ್ನು ಬಿಚ್ಚಿ ಕಮಿಟಿಯ ಕೊಟ್ಟಿಗೆಯಲ್ಲಿಡುತ್ತಾರೆ. ಇಲ್ಲದಿದ್ದರೆ ಹೊಳೆ ಕೊಂಡುಹೋಗುತ್ತದೆ. ಸಂಕದ ಆಚೆ ಇರುವುದು ಒಂದೇ ಮನೆಯಾದ್ದರಿಂದ ಯಾರಿಗೂ ತೊಂದರೆಯಿಲ್ಲ ಎಂದು ನಾವು ತಿಳಿದಿದ್ದೆವು.

ಆ ಒಂದು ಮನೆ ಮುತ್ತಕ್ಕನದು. ಹೊಳೆ ಸಮುದ್ರಕ್ಕೆ ಸೇರುವಲ್ಲಿ ಮರಳು ದಿಬ್ಬದ ಮೇಲೆ ಹಂಚಿನ ಪುಟ್ಟ ಮನೆ, ಹನ್ನೊಂದು ತೆಂಗಿನ ಮರ. ಐವತ್ತೆಂಟು ವರ್ಷದ ಹೆಂಗಸು. ಮದುವೆಯಾಗಲಿಲ್ಲ, ತಾಯಿ ಹೋದ ಮೇಲೆ ಒಬ್ಬರೇ. ತೆಂಗಿನ ಮಡಲು ಹೆಣೆದು ಈಚೆ ತಂದು ಕೊಡುತ್ತಾರೆ. ಊರಿನ ಎಲ್ಲ ಚಪ್ಪರಗಳ ಮೇಲೆ ಇರುವುದು ಅವರ ಮಡಲೇ. ಅವರ ಪಾಳಿಯ ದಿನವೆಂದರೆ ಊರಿಗೆ ಹಬ್ಬ. ಬೆಳಿಗ್ಗೆ ಎಳೆ ಬಿಸಿಲು, ಮಧ್ಯಾಹ್ನ ಹದವಾದ ಕಾವು, ಸಂಜೆ ಹಿತವಾದ ಗಾಳಿ, ಒಂದು ವರ್ಷವೂ ಹೆಚ್ಚುಕಮ್ಮಿ ಆದದ್ದಿಲ್ಲ. ಬಿಸುವಿನ ದಿನ ಅವರ ಚೀಟಿ ಬರುವುದನ್ನೇ ಕಾದಿದ್ದು ಮದುವೆ, ಮುಂಜಿ, ಮನೆ ಒಕ್ಕಲು ಎಲ್ಲವನ್ನೂ ಜನ ಅದೇ ದಿನಕ್ಕೆ ಗೊತ್ತು ಮಾಡಿಕೊಳ್ಳುತ್ತಿದ್ದರು. ಹಪ್ಪಳ, ಸಂಡಿಗೆ, ಒಣಮೀನು ಎಲ್ಲ ಅಂದೇ ಚಾಪೆಗೆ ಬೀಳುತ್ತಿತ್ತು. ಅವರ ಮನೆಗೆ ನಾನು ಹಿಂದಿನ ದಿನ ಚಹಾಕ್ಕೂ ಹೋಗುತ್ತಿರಲಿಲ್ಲ. ‘ನಾಳೆ ಮುತ್ತಕ್ಕ’ ಎಂದು ಬರೆದರೆ ಮುಗಿಯಿತು, ಓದುವವರಿಗೆ ಅಷ್ಟೇ ಸಾಕಿತ್ತು.

ಈ ವರ್ಷ ಬುಟ್ಟಿಯ ತಳದಲ್ಲಿ ಉಳಿದ ಚೀಟಿ ಮುತ್ತಕ್ಕನದು.

ಮೇ ಮೂವತ್ತಕ್ಕೆ ಅವರ ಪಾಳಿ ಬಂತು. ಆ ಹೊತ್ತಿಗೆ ನಮ್ಮ ಬಾವಿಗಳಲ್ಲಿ ಕೊಡ ಮುಳುಗುವಷ್ಟು ನೀರಿರಲಿಲ್ಲ. ತಳದ ನೀರಿಗೆ ಉಪ್ಪು ಬಂದು, ಚಹಾ ಕುಡಿದವರೆಲ್ಲ ಮುಖ ಹಿಂಡುತ್ತಿದ್ದರು. ಇನ್ನೆರಡು ವಾರ ಹೀಗೇ ಹೋದರೆ ಹೆಂಗಸರು ಮಕ್ಕಳನ್ನಾದರೂ ಬೇರೆ ಊರಿಗೆ ಕಳಿಸಬೇಕಾದೀತು ಎಂಬ ಮಾತು ಹುಟ್ಟಿತ್ತು. ಮೂವತ್ತರಂದು ಎಳೆ ಬಿಸಿಲು, ಹಿತವಾದ ಗಾಳಿ. ಮೂವತ್ತೊಂದರಂದೂ ಅದೇ. ಸಂಜೆ ಧಕ್ಕೆಯಲ್ಲಿ ಕಮಿಟಿ ಸೇರಿತು.

“ಸುಮ್ಮನೆ ಕೂತರೆ ಆಗುವುದಿಲ್ಲ. ಅವರನ್ನು ಅಳಿಸಬೇಕು,” ಎಂದರು ದೂಮಪ್ಪಣ್ಣ.

“ಮರ್ಯಾದೆಯಲ್ಲಿ ಅಳಿಸಬೇಕು,” ಎಂದು ಕಾರ್ಮಿನ್ ಬಾಯಿ ತಿದ್ದಿದರು. ಕಾರ್ಮಿನ್ ಬಾಯಿಯೆಂದರೆ ನಮ್ಮೂರಿನಲ್ಲಿ ಅಳುವುದಕ್ಕೆ ಹೆಸರಾದವರು. ಅವರ ಪಾಳಿಯ ದಿನ ಕೊಡೆಯಿಲ್ಲದೆ ಯಾರೂ ಹೊರಗೆ ಕಾಲಿಡುವುದಿಲ್ಲ. ಆದ್ದರಿಂದ ಮೊದಲ ಪ್ರಯತ್ನ ಅವರಿಗೇ ಬಿತ್ತು.

ಅವರು ಮರುದಿನ ಬೆಳಿಗ್ಗೆ ಸಂಕ ದಾಟಿ ಹೋಗಿ ತಮ್ಮ ತಂಗಿ ತೀರಿಕೊಂಡ ಕತೆಯನ್ನು ಆಸ್ಪತ್ರೆಗೆ ಸೇರಿಸಿದ ದಿನದಿಂದ ಹಿಡಿದು ಹೇಳಿದರಂತೆ. ಮುತ್ತಕ್ಕ ಕೈ ಹಿಡಿದುಕೊಂಡು ಕೇಳಿದರು, ನೀರು ಕುಡಿಸಿದರು, ಬಂಗುಡೆ ಮೀನು ಹುರಿದು ಊಟ ಹಾಕಿದರು. ಊಟದ ನಂತರ ಅದೇ ತಂಗಿ ಚಿಕ್ಕಂದಿನಲ್ಲಿ ಪಾದ್ರಿಗಳ ಬಾತುಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ಕೆಸರಿಗೆ ಬಿದ್ದ ಕತೆ ಬಂತು. ಇಬ್ಬರೂ ನಕ್ಕದ್ದು ಈಚೆ ದಡಕ್ಕೆ ಕೇಳಿಸುತ್ತಿತ್ತು. ಕಾರ್ಮಿನ್ ಬಾಯಿ ತಿರುಗಿ ಬಂದಾಗ ಅವರ ಕಣ್ಣು ಒಣಗಿತ್ತು. “ಏಳು ವರ್ಷದಿಂದ ಎದೆಯ ಮೇಲೆ ಇತ್ತು, ಈಗ ಹಗುರ ಆಯಿತು,” ಎಂದರು. ಆಕಾಶವೂ ಹಗುರವಾಗಿಯೇ ಇತ್ತು.

ಮರುದಿನ ದೂಮಪ್ಪಣ್ಣ ಹತ್ತು ಕಿಲೋ ನೀರುಳ್ಳಿ ಹೊರಿಸಿಕೊಂಡು ಹೋದರು. “ಕಮಿಟಿಯವರಿಗೆ ನೀರುಳ್ಳಿ ಬಜೆ ತಿನ್ನುವ ಆಸೆ ಆಗಿದೆ, ಸ್ವಲ್ಪ ಹೆಚ್ಚಿ ಕೊಡ್ತೀರಾ ಮುತ್ತಕ್ಕ,” ಎಂದು ಕೇಳಿದರು. ಅವರು ಮೆಟ್ಟುಕತ್ತಿಯ ಮುಂದೆ ಕೂತು ಹತ್ತು ಕಿಲೋವನ್ನೂ ಹೆಚ್ಚಿದರು. ಕಣ್ಣಿಂದ ಧಾರಾಕಾರ ನೀರು. ನಾವೆಲ್ಲ ಅಂಗಳದಲ್ಲಿ ನಿಂತು ಮೇಲೆ ನೋಡಿದೆವು. ಒಂಬತ್ತು ಹನಿ ಬಿತ್ತು, ಎಣಿಸಿದ್ದೇನೆ. ಒಂದು ಹನಿ ನನ್ನ ಅಂಗೈ ಮೇಲೆ ಬಿದ್ದಿತು, ಮೂಸಿದರೆ ನೀರುಳ್ಳಿ ವಾಸನೆ. ಆಮೇಲೆ ಹದಿನಾಲ್ಕು ಮಂದಿ ಸೇರಿ ಬಜೆ ಕರಿದು ತಿಂದು ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಆ ಸಂಜೆ ಬೀಸಿದಂಥ ಗಾಳಿಯನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ.

ನನ್ನ ಹೆಂಡತಿ ವಾರಿಜ ಮಾತಿನಲ್ಲಿ ಚುಚ್ಚುವುದರಲ್ಲಿ ಪಳಗಿದವಳು, ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಅವಳು ಹೋಗಿ ಮುತ್ತಕ್ಕನ ಸಾರಿಗೆ ಉಪ್ಪಿಲ್ಲ, ಹುಳಿಯಿಲ್ಲ, ಇಂಥ ಸಾರನ್ನು ನಮ್ಮಲ್ಲಿ ಬೆಕ್ಕಿಗೂ ಹಾಕುವುದಿಲ್ಲ ಎಂದಳು. ಹಾಗೆನ್ನುತ್ತಲೇ ಮೂರು ಸಲ ಬಡಿಸಿಕೊಂಡಳು. “ಹೌದು ವಾರಿಜ, ಒಬ್ಬಳಿಗೇ ಮಾಡಿ ಮಾಡಿ ಕೈಯ ಅಳತೆ ಹೋಗಿದೆ. ನಾಳೆ ನೀನೇ ನಿಂತು ಹೇಳಿಕೊಡು,” ಎಂದರಂತೆ ಮುತ್ತಕ್ಕ. ಇವಳು ಮರುದಿನವೂ ಹೋದಳು, ಅದರ ಮರುದಿನವೂ ಹೋದಳು. ಯಾರಿಗೆ ಯಾರು ಹೇಳಿಕೊಟ್ಟರೋ, ನಮ್ಮ ಮನೆಯ ಸಾರು ಅಂದಿನಿಂದ ಸುಧಾರಿಸಿದ್ದು ಮಾತ್ರ ನಿಜ.

ಹೀಗೆ ಒಬ್ಬೊಬ್ಬರಾಗಿ ಇಡೀ ಊರು ಸಂಕ ದಾಟಿತು. ಪೋಸ್ಟ್ ಮಾಸ್ಟರರು ಬಟವಾಡೆಯಾಗದೆ ಉಳಿದ ಹಳೆಯ ದುಃಖದ ಕಾಗದಗಳನ್ನು ಓದಿ ಹೇಳಿದರು. ಭಜನೆಯವರು ಹೋಗಿ ಇರುವುದರಲ್ಲಿ ಅತ್ಯಂತ ಶೋಕದ ಹಾಡುಗಳನ್ನು ಹಾಡಿದರು, ಮುತ್ತಕ್ಕ ತಾಳ ಹಾಕಿದರು. ನಾವು ಹೋಗತೊಡಗಿದ ಎಂಟನೆಯ ದಿನ ಮೂವತ್ತೊಂದು ಜನ ಅವರ ಜಗಲಿಯಲ್ಲಿದ್ದಾಗ, ಒಂದು ಹನಿ ಮಳೆಯಿಲ್ಲದ, ಒಂದು ತುಂಡು ಮೋಡವಿಲ್ಲದ ಆಕಾಶದಲ್ಲಿ ಈ ತುದಿಯಿಂದ ಆ ತುದಿಗೆ ಕಾಮನಬಿಲ್ಲು ಕಟ್ಟಿತು. ಜನ ತಲೆ ಮೇಲೆ ಕೈ ಹೊತ್ತು ಕೂತರು. “ಚಂದ ಉಂಟು, ಆದರೆ ಕೊಡಕ್ಕೆ ತುಂಬಿಸ್ಲಿಕ್ಕೆ ಆಗುವುದಿಲ್ಲ,” ಎಂದರು ದೂಮಪ್ಪಣ್ಣ.

ಹತ್ತನೆಯ ದಿನ ನಾನು ನನ್ನ ಪುಸ್ತಕ ಬಿಡಿಸಿಕೊಂಡು ಕೂತೆ. ಪ್ರತಿದಿನದ ಹವೆಯನ್ನು ಗಂಟೆಗಂಟೆಗೂ ಬರೆದಿಡುವುದು ನನ್ನ ರೂಢಿ. ನೋಡುತ್ತ ಹೋದ ಹಾಗೆ ಎಲ್ಲ ಬಿಚ್ಚಿಕೊಂಡಿತು. ಜನರ ಓಡಾಟ ಶುರುವಾದ ಮೇಲೆ, ಯಾರೂ ದಾಟುವ ಮೊದಲು, ಬೆಳಿಗ್ಗೆ ಒಂಬತ್ತರವರೆಗೆ, ದಿನಾ ಒಂದಿಷ್ಟು ಮಬ್ಬು ಇರುತ್ತಿತ್ತು. ಮೊದಲನೆಯವರ ಕಾಲಿಗೆ ಸಂಕ ಕಿರುಗುಟ್ಟಿದ ಕೂಡಲೇ ಬಿಸಿಲು ಬರುತ್ತಿತ್ತು. ಒಬ್ಬರು ಹೋದರೆ ಎಳೆ ಬಿಸಿಲು, ಹದಿನಾಲ್ಕು ಜನ ಹೋದರೆ ಗಾಳಿ, ಮೂವತ್ತೊಂದು ಜನ ಹೋದರೆ ಕಾಮನಬಿಲ್ಲು. ಅಳಿಸಲಿಕ್ಕೆ ಹೋದ ನಾವೇ ಆ ಹೆಂಗಸಿಗೆ ಹಬ್ಬ ಮಾಡಿ ಬರುತ್ತಿದ್ದೆವು.

ನನಗೆ ಆಗ ಅನಿಸಿದ್ದು ಹೆಮ್ಮೆ, ಬೇರೇನೂ ಅಲ್ಲ. ಅದನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಇಷ್ಟು ವರ್ಷ ಹವೆಯನ್ನು ಹೇಳಿದ್ದೆ, ಈಗ ಮೊದಲ ಸಲ ನಾನೇ ಹವೆ ಮಾಡಬಹುದಿತ್ತು. ನಾಳೆ ಯಾರೂ ಆಚೆ ಹೋಗದಿದ್ದರೆ ಸಾಕು ಎಂದು ದೂಮಪ್ಪಣ್ಣನಿಗೆ ಹೇಳಿದೆ. ಅವರು ಬೆನ್ನು ತಟ್ಟಿದರು. ಆ ಮಾತನ್ನು ಮನೆಮನೆಗೆ ಹೋಗಿ ಕಿವಿಯಲ್ಲಿ ಹೇಳಿದ್ದರೆ ಆಗುತ್ತಿತ್ತು. ಆದರೆ ಸಂಜೆ ಐದಾದರೆ ನನ್ನ ಕೈ ತಾನಾಗಿಯೇ ಸೀಮೆಸುಣ್ಣ ಹಿಡಿಯುತ್ತದೆ. ಬರೆದೆ: ‘ನಾಳೆ ಮುತ್ತಕ್ಕ. ಬೆಳಿಗ್ಗೆ ಮಬ್ಬು. ಹತ್ತರ ಮೇಲೆ ಮೋಡ. ಹನ್ನೆರಡಕ್ಕೆ ಮಳೆ. ಯಾರೂ ಸಂಕ ದಾಟಬಾರದು.’

ಮರುದಿನ ಯಾರೂ ದಾಟಲಿಲ್ಲ. ಒಂಬತ್ತು ಗಂಟೆಗೂ ಮಬ್ಬು ಹರಿಯಲಿಲ್ಲ. ಹತ್ತಕ್ಕೆ ಸಮುದ್ರದ ಮೇಲಿನಿಂದ ಮೋಡ ಏಳತೊಡಗಿತು, ಹನ್ನೊಂದಕ್ಕೆ ಊರಿನ ತಲೆಯ ಮೇಲೆ ಬಂದು ನಿಂತಿತು. ಜನ ಕೊಡ, ಬಾಲ್ದಿ, ಹಂಡೆ, ಮಗು ಮೀಯಿಸುವ ತೊಟ್ಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಅಂಗಳದಲ್ಲಿಟ್ಟು ಧಕ್ಕೆಗೆ ಬಂದರು. ನನ್ನನ್ನು ಹೊತ್ತು ಕುಣಿಯುವುದೊಂದು ಬಾಕಿ. ಹನ್ನೆರಡಾಯಿತು. ಮೋಡ ಕಪ್ಪಾಯಿತು, ಒಂದು ಹನಿ ಬೀಳಲಿಲ್ಲ.

“ನೀವು ಬರೆದದ್ದು ಎಲ್ಲ ಸರಿ ಉಂಟು. ಅಲ್ಲಿ ಒಮ್ಮೆ ನೋಡಿ,” ಎಂದಳು ವಾರಿಜ.

ಆಚೆ ದಡದಲ್ಲಿ ಮುತ್ತಕ್ಕನ ಜಗಲಿ ಕಾಣುತ್ತಿತ್ತು. ಅವರು ಬಾಳೆಲೆಯ ತುಂಡುಗಳನ್ನು ಎರಡು ಸಾಲಾಗಿ ಹಾಸಿದ್ದರು. ಮೂವತ್ತು ನಲವತ್ತು ಇರಬೇಕು. ತಾವು ಕಂಬಕ್ಕೆ ಒರಗಿ ಕೂತು ಸಂಕದ ಕಡೆ ನೋಡುತ್ತಿದ್ದರು. ಗಾಳಿಗೆ ಒಂದು ಎಲೆ ಹಾರಿತು. ಅವರು ಎದ್ದು ಹೋಗಿ ಅದನ್ನು ತಂದು ಮತ್ತೆ ಅದರ ಜಾಗದಲ್ಲೇ ಇಟ್ಟು, ಮೇಲೆ ಒಂದು ಕಲ್ಲಿಟ್ಟರು. ಒಂದು ಎಲೆಗೆ ಕಲ್ಲಿಟ್ಟದ್ದು ಅಷ್ಟು ದೊಡ್ಡ ಸಂಗತಿಯೇ ಎಂದು ನೀವು ಕೇಳಬಹುದು. ನೀವು ಆ ಬೋರ್ಡು ಬರೆದಿದ್ದರೆ ಕೇಳುತ್ತಿರಲಿಲ್ಲ.

ನಾನು ಸಂಕಕ್ಕೆ ಕಾಲಿಟ್ಟೆ. “ಲೋಕಯ್ಯ, ಎಂತ ಮಾಡ್ತೀರಿ? ಇನ್ನು ಐದು ನಿಮಿಷ ಮಾರಾಯ್ರೆ, ಹಿಂದೆ ಬನ್ನಿ,” ಎಂದು ದೂಮಪ್ಪಣ್ಣ ಕೂಗಿದರು. ಸಂಕ ಕಿರುಗುಟ್ಟಿತು, ತಲೆಯ ಮೇಲೆ ಮೋಡ ಒಂದು ಕಡೆ ತೆಳುವಾಯಿತು. ಇನ್ನೊಂದು ಹೆಜ್ಜೆಗೆ ಬಿಸಿಲಿನ ಒಂದು ಕೋಲು ಹೊಳೆಯ ಮೇಲೆ ಬಿತ್ತು. ಹಿಂದಿನಿಂದ ಜನರ ಬೈಗುಳ ಕೇಳಿಸುತ್ತಿತ್ತು. ಅವರ ಬಾವಿಯ ನೀರನ್ನು ನಾನೇ ಕಸಿಯುತ್ತಿದ್ದೇನೆಂದು ನನಗೂ ಗೊತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ.

“ಬಂದಿರಾ. ಕೈಕಾಲು ತೊಳೀರಿ,” ಎಂದರು ಮುತ್ತಕ್ಕ. ಒಳಗಿನಿಂದ ಹಲಸಿನ ಹಣ್ಣಿನ ಗಟ್ಟಿಯ ಪರಿಮಳ ಬರುತ್ತಿತ್ತು, ತೇಗದ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬು. “ನಲವತ್ತೈದು ಮಾಡಿದ್ದೇನೆ, ಮನೆಗೊಂದು. ತಣಿದು ಹೋಯಿತು.”

“ತಪ್ಪಾಯಿತು ಮುತ್ತಕ್ಕ,” ಎಂದೆ. “ಇವತ್ತು ಯಾರೂ ಬರಬಾರದು ಅಂತ ನಾನೇ...”

“ಗೊತ್ತುಂಟು. ನಿನ್ನೆ ಸಂಜೆ ಬೆಲ್ಲಕ್ಕೆ ಅಂತ ಆಚೆ ಬಂದಿದ್ದೆ. ಬೋರ್ಡು ಅಷ್ಟು ದೊಡ್ಡದಾಗಿ ಬರೀತೀರಿ, ಕಣ್ಣಿಗೆ ಬೀಳದೆ ಇರ್ತದಾ?”

“ಓದಿದ ಮೇಲೂ ಇಷ್ಟೆಲ್ಲ ಮಾಡಿದಿರಾ?”

“ನಿಮ್ಮ ಬೋರ್ಡು ಏಳು ಸಲ ತಪ್ಪಿದ್ದುಂಟಲ್ಲ ಲೋಕಯ್ಯ,” ಎಂದರು ಅವರು. “ಎಂಟನೇ ಸಲ ತಪ್ಪಿದರೂ ತಪ್ಪಬಹುದು ಅಂತ.”

ನಾನು ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ನಲವತ್ತೊಂಬತ್ತು ವರ್ಷದ ಗಂಡಸು, ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು, ಮೂಗು ಸುರಿಸಿಕೊಂಡು ಅತ್ತೆ. ಮುತ್ತಕ್ಕ ಎದ್ದು ಒಳಗೆ ಹೋಗಿ ಬಂದರು.

“ನೀವು ಅತ್ತು ಎಂತ ಪ್ರಯೋಜನ ಮಾರಾಯ್ರೆ? ನಿಮ್ಮ ಪಾಳಿ ಹೋಗಿ ತಿಂಗಳಾಯಿತು,” ಎಂದು ನೀರಿನ ಚೆಂಬು ಮುಂದಿಟ್ಟರು. ತಾವೂ ಎದುರಿಗೆ ಕೂತರು. “ನನಗೆ ಅಳ್ಲಿಕ್ಕೆ ಬರುವುದಿಲ್ಲ ಅಂತ ಮಾಡಿದ್ದೀರಾ ನೀವೆಲ್ಲ? ಪಾಳಿಯ ದಿನ ಜನ ಹಪ್ಪಳ ಹಾಕ್ತಾರೆ, ಮದುವೆ ಇಟ್ಟುಕೊಳ್ತಾರೆ. ಅವತ್ತು ಅತ್ತರೆ ಆಗ್ತದಾ? ಅಳುವುದನ್ನೆಲ್ಲ ಬೇರೆ ದಿನ ಮುಗಿಸಿ ಇಡ್ತೇನೆ. ಈ ಸಲ ನೀವು ಯಾಕೆ ಬರ್ತಿದ್ದೀರಿ ಅಂತ ಮೊದಲ ದಿನವೇ ಗೊತ್ತಾಯಿತು. ಹತ್ತು ದಿನ ಜನ ಬರ್ಲಿ, ಮತ್ತೆ ಅತ್ತುಬಿಡುವಾ ಅಂತ ಲೆಕ್ಕ ಹಾಕಿದ್ದೆ. ನಿನ್ನೆಗೆ ಹತ್ತು ಆಯಿತು. ಇವತ್ತು ಎಲ್ಲರಿಗೂ ಗಟ್ಟಿ ತಿನ್ನಿಸಿ, ನಿಮ್ಮ ಎದುರಿಗೇ ಅಳ್ತಿದ್ದೆ. ಒಬ್ಬಳೇ ಕೂತು ಅಳ್ಲಿಕ್ಕೆ ಮನಸ್ಸಾಗಲಿಲ್ಲ. ಅದು ಹೇಗೂ ನಾಳೆಯಿಂದ ಉಂಟಲ್ಲ, ದೂಮಪ್ಪಣ್ಣ ಸಂಕ ಬಿಚ್ಚಿದ ಮೇಲೆ. ನಾಲ್ಕು ತಿಂಗಳು.”

“ಸಂಕ ಬಿಚ್ಚಿದರೆ ಬಿಚ್ಚಲಿ ಮುತ್ತಕ್ಕ,” ಎಂದೆ, ದೊಡ್ಡ ಉಪಾಯ ಹೇಳುವವನ ಹಾಗೆ. “ದೋಣಿ ಉಂಟಲ್ಲ.”

ಅವರು ನನ್ನ ಮುಖ ನೋಡಿದರು. “ದೋಣಿ ಯಾವಾಗಲೂ ಇತ್ತು ಲೋಕಯ್ಯ,” ಎಂದರು.

ಆ ಮಾತು ಹೇಳಿದ ಮೇಲೆ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು, ಆಮೇಲೆ ಅದನ್ನೂ ಬಿಟ್ಟು ಬಾಯಿ ತುಂಬ ಅತ್ತರು. ಹಂಚಿನ ಮೇಲೆ ಮೊದಲು ಟಪಟಪ ಎಂದಿತು, ಮತ್ತೆ ಅದೇ ಒಂದು ಸದ್ದಾಗಿ ಹೊಳೆ, ಧಕ್ಕೆ, ಬೋರ್ಡು ಯಾವುದೂ ಕಾಣದ ಹಾಗೆ ಮಳೆ ಹೊಯ್ಯಿತು. ಗಂಟೆ ನೋಡಿದೆ, ಹನ್ನೆರಡೂಮುಕ್ಕಾಲು.

ಮಳೆಯೊಳಗಿಂದ ಸಂಕ ಕಿರುಗುಟ್ಟುವುದು ಕೇಳಿಸಿತು. ಮೊದಲು ವಾರಿಜ ಬಂದಳು, ಅವಳ ಹಿಂದೆ ಕಾರ್ಮಿನ್ ಬಾಯಿ, ತಲೆಯ ಮೇಲೆ ಖಾಲಿ ಹಂಡೆ ಕವುಚಿಕೊಂಡು ದೂಮಪ್ಪಣ್ಣ, ಅವರ ಹಿಂದೆ ಊರಿಗೆ ಊರೇ. ಇನ್ನು ದಾಟಿದರೆ ತೊಂದರೆಯಿಲ್ಲ ಎಂದು ಬಂದರೋ, ಅಳುವವರನ್ನು ಒಬ್ಬರೇ ಬಿಡಬಾರದು ಎಂದು ಬಂದರೋ, ನಾನು ಕೇಳಲಿಲ್ಲ. ನಲವತ್ತೈದು ಗಟ್ಟಿ ಸಾಲದೆ ಅರ್ಧರ್ಧ ಮಾಡಿ ಹಂಚಿದೆವು. ಮುತ್ತಕ್ಕ ಬಡಿಸುತ್ತ ಅಳುತ್ತಿದ್ದರು, ಅಳುತ್ತ ದೂಮಪ್ಪಣ್ಣನ ಹಂಡೆ ನೋಡಿ ನಗುತ್ತಿದ್ದರು. ಅಂಥ ಹೊತ್ತಿನಲ್ಲೆಲ್ಲ ಸುರಿಯುವ ಮಳೆಯ ನಡುವೆಯೇ ಬಿಸಿಲು ಬಂದು ಹೋಗುತ್ತಿತ್ತು.

ಮರುದಿನ ದೂಮಪ್ಪಣ್ಣ ಸಂಕ ಬಿಚ್ಚಿಸಿದರು. ಹೊಳೆಗೆ ಯಾರ ದಾಕ್ಷಿಣ್ಯವೂ ಇಲ್ಲ, ಬಿಚ್ಚಲೇಬೇಕು. ಪಾಳಿ ಮುಗಿದ ಮೇಲೆ ನನಗೂ ಕೆಲಸವಿಲ್ಲ. ಬೋರ್ಡಿನ ಮೇಲೆ ‘ಮಳೆ’ ಎಂದು ಒಂದು ಸಲ ಬರೆದು ಮುಂದಿನ ಬಿಸುವಿನವರೆಗೆ ಮನೆಯಲ್ಲಿ ಕೂರುವುದು ಇಷ್ಟು ವರ್ಷದ ರೂಢಿ. ಈ ಸಲ ಅದರ ಕೆಳಗೆ ಇನ್ನೊಂದು ಸಾಲು ಬರೆದೆ: ‘ದೂಮಪ್ಪಣ್ಣನ ದೋಣಿ ದಿನಾ ನಾಲ್ಕು ಗಂಟೆಗೆ, ಮುತ್ತಕ್ಕನ ಮನೆಗೆ.’ ಅಕ್ಷರ ದೊಡ್ಡದು, ಮಳೆಗೆ ಅಳಿಸಿ ಹೋದಾಗಲೆಲ್ಲ ತಿದ್ದುತ್ತೇನೆ.

ಮೊದಲ ದಿನದ ದೋಣಿಯಲ್ಲಿ ನಾನು ನನ್ನ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೋದೆ. ಮಳೆ ಬರುತ್ತದೆಂದು ಬರೆದಿದ್ದೆ, ಬಂತು, ಆದ್ದರಿಂದ ಸರಿಯೆಂದೇ ಲೆಕ್ಕಕ್ಕೆ ಹಿಡಿಯಬಹುದು ಎಂದು ದೂಮಪ್ಪಣ್ಣ ವಾದಿಸಿದ್ದರು. ನಾನು ಒಪ್ಪಲಿಲ್ಲ. ಆ ದಿನದ ಪುಟದ ಕೆಳಗೆ ‘ತಪ್ಪು. ಎಂಟನೆಯದು’ ಎಂದು ಬರೆದು ಮುತ್ತಕ್ಕನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. ಪುಸ್ತಕವನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, “ಇವತ್ತಿನ ಗಟ್ಟಿ ಬಿಸಿ ಉಂಟು, ತಿನ್ನಿ,” ಎಂದರು.